ಮಾಘದ ತರಗೆಲೆ, ಆಷಾಢದ ಡ್ರಮ್ಮು: ಮನೆಗೊಬ್ಬರದ ಪ್ರಶ್ನೋತ್ತರ

ಮನೆಗೊಬ್ಬರದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಲ ಬದಲಾದಾಗ ಎದ್ದ ತೊಂದರೆಗಳವು. ಬೇಸಿಗೆಯಲ್ಲಿ ಸರಿಯಾಗಿಯೇ ಇದ್ದದ್ದು ಮಳೆ ಹಿಡಿದ ಕೂಡಲೇ ಯಾಕೆ ಕೆಟ್ಟಿತು, ಚಳಿಗೆ ಯಾಕೆ ನಿಂತುಹೋಯಿತು ಎಂಬಂಥವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ತಾರಸಿಯ ಮೇಲೆ 100 ಲೀಟರಿನ ಡ್ರಮ್ಮಿನಲ್ಲಿ ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುತ್ತೇವೆ. ನಾಲ್ಕು ಜನರ ಮನೆ. ಮೇ ತಿಂಗಳ ತನಕ ಏನೂ ತೊಂದರೆ ಇರಲಿಲ್ಲ. ಜೂನ್ ಕೊನೆಯಿಂದ ಕೊಳೆತ ಮೊಟ್ಟೆಯ ನಾತ, ಕೆಳಗೆ ಕಪ್ಪು ನೀರು, ಜೊತೆಗೆ ಬೂದುಬಣ್ಣದ ಚಪ್ಪಟೆ ಹುಳುಗಳು. ಪಕ್ಕದ ಮನೆಯವರು ದೂರುತ್ತಿದ್ದಾರೆ. ಎಲ್ಲವನ್ನೂ ಸುರಿದುಬಿಡೋಣವೇ? (ಬೆಂಗಳೂರು)

ಉತ್ತರ: ಸುರಿಯಬೇಡಿ. ಒಂದು ಮಧ್ಯಾಹ್ನದ ಕೆಲಸದಲ್ಲಿ ಇದು ಸರಿಹೋಗುತ್ತದೆ. ಆದರೆ ಮೊದಲು ಏನಾಗಿದೆ ಎಂದು ತಿಳಿದುಕೊಳ್ಳಿ, ಇಲ್ಲದಿದ್ದರೆ ಹದಿನೈದು ದಿನಕ್ಕೆ ಮತ್ತೆ ಅದೇ ನಾತ.

ನಾಲ್ಕು ಜನರ ಮನೆಯಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಹಸಿ ಕಸ ಬರುತ್ತದೆ. ಸೋರೆಕಾಯಿ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ, ಚಹಾ ಚರಟ ಎಲ್ಲ ಸೇರಿದ ಆ ಒಂದು ಕೆಜಿಯಲ್ಲಿ ಸುಮಾರು 800 ಗ್ರಾಂ ಬರೀ ನೀರು. ಬೇಸಿಗೆಯಲ್ಲಿ ಅದರಲ್ಲಿ ಬಹುಪಾಲು ಡ್ರಮ್ಮಿನ ತೂತುಗಳಿಂದ ಆವಿಯಾಗಿ ಹೋಗುತ್ತಿತ್ತು. ನೀವು ಒಣಎಲೆಯನ್ನು ಕಡಿಮೆ ಹಾಕಿದ್ದರೂ ಬಿಸಿಲು ಆ ತಪ್ಪನ್ನು ಮುಚ್ಚಿಡುತ್ತಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಗಾಳಿಯೇ ತೇವವಾಗಿರುವಾಗ ಆ ನೀರು ಎಲ್ಲಿಗೂ ಹೋಗುವುದಿಲ್ಲ. ಕಸದ ನಡುವಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬುತ್ತದೆ, ಉಸಿರಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಕೆಲಸ ಶುರುಮಾಡುತ್ತವೆ. ಕೊಳೆತ ಮೊಟ್ಟೆಯ ನಾತ ಅವುಗಳದು.

ನಾತದಲ್ಲೂ ಬಗೆಗಳಿವೆ, ಅವನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ. ಕೊಳೆತ ಮೊಟ್ಟೆಯಂತಿದ್ದರೆ ನೀರು ಹೆಚ್ಚು, ಗಾಳಿ ಕಡಿಮೆ. ಮೂಗಿಗೆ ಚುಚ್ಚುವ, ಕೊಟ್ಟಿಗೆಯ ಗಂಜಳದಂಥ ವಾಸನೆ ಇದ್ದರೆ ಹಸಿ ಹೆಚ್ಚಾಗಿ ಒಣಎಲೆ ಸಾಲದಾಗಿದೆ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತಿದೆ. ಹುಳಿ ವಾಸನೆ ಬಂದರೆ ಅನ್ನ ಅಥವಾ ಹಣ್ಣು ಒಂದೇ ಕಡೆ ಮುದ್ದೆಯಾಗಿ ಕೂತಿದೆ.

ಈಗ ಮಾಡಬೇಕಾದ್ದು ಇಷ್ಟು. ಮಳೆ ಬಿಟ್ಟ ದಿನ ಡ್ರಮ್ಮನ್ನು ಒಂದು ಟಾರ್ಪಾಲಿನ ಮೇಲೆ ಪೂರ್ತಿ ಸುರಿದು, ಮೂರ್ನಾಲ್ಕು ಇಂಚು ದಪ್ಪಕ್ಕೆ ಹರಡಿ, ನೆರಳಿನಲ್ಲಿ ಮೂರು ಗಂಟೆ ಬಿಡಿ. ಮುದ್ದೆಗಳನ್ನು ಕೈತೋಟದ ಕುರ್ಪಿಯಿಂದ ಒಡೆಯಿರಿ. ಅದರ ಗಾತ್ರದ ಮೂರನೇ ಒಂದರಷ್ಟು ಪುಡಿಮಾಡಿದ ಒಣಎಲೆ, ಎರಡು ಹಿಡಿ ಹಳೆಯ ಗೊಬ್ಬರ ಬೆರೆಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಹದ ಸರಿ. ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು. ಕೈ ಬಿಟ್ಟಾಗ ಉಂಡೆ ನಿಲ್ಲದೆ ಉದುರಿದರೆ ನೀರು ಚಿಮುಕಿಸಬೇಕು. ಖಾಲಿ ಡ್ರಮ್ಮಿನ ತಳಕ್ಕೆ ನಾಲ್ಕು ಇಂಚು ತೆಂಗಿನ ಸಿಪ್ಪೆಯ ಚೂರು ಅಥವಾ ಪುಳ್ಳೆಕಡ್ಡಿ ಹಾಸಿ, ಮತ್ತೆ ತುಂಬಿ. ತಳದ ತೂತುಗಳು ಕಟ್ಟಿಕೊಂಡಿರುತ್ತವೆ, ಕಡ್ಡಿ ಹಾಕಿ ಬಿಡಿಸಿ. ಡ್ರಮ್ಮನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿ, ಕೆಳಗೆ ಗಾಳಿ ಆಡಲಿ. ಮುಚ್ಚಳದಲ್ಲಿ ತೂತು ಇದ್ದರೆ ಮಳೆಗಾಲದಲ್ಲಿ ಮುಚ್ಚಿಬಿಡಿ. ಬದಿಯ ತೂತುಗಳು ಸಾಕು. ಎಂಟು ಮಿಲಿಮೀಟರ್ ಬಿಟ್‌ನಿಂದ ಆರು ಇಂಚಿಗೊಂದರಂತೆ ನಾಲ್ಕು ಸಾಲು ಕೊರೆದಿದ್ದರೆ ಬೇಕಾದಷ್ಟು ಗಾಳಿ ಬರುತ್ತದೆ.

ಇನ್ನು ಮುಂದೆ ಮಳೆಗಾಲದ ಅಳತೆಯೇ ಬೇರೆ. ಒಂದು ಕೆಜಿ ಹಸಿ ಕಸಕ್ಕೆ ಬೇಸಿಗೆಯಲ್ಲಿ 200ರಿಂದ 250 ಗ್ರಾಂ ಒಣಎಲೆ ಸಾಕಾಗುತ್ತದೆ, ಮಳೆಗಾಲದಲ್ಲಿ 350 ಗ್ರಾಂ ಬೇಕು. ತೂಕ ನೋಡುವ ತೊಂದರೆ ಬೇಡವೆಂದರೆ, ಹಸಿ ಒಂದು ಪಾತ್ರೆಗೆ ಕೈಯಲ್ಲಿ ಹಿಸುಕಿ ಪುಡಿಮಾಡಿದ ಎಲೆ ಎರಡು ಪಾತ್ರೆ. ಗೊಬ್ಬರಕ್ಕೆ ಇಂಗಾಲ, ಸಾರಜನಕ 25ರಿಂದ 30ಕ್ಕೆ ಒಂದರಂತೆ ಇರಬೇಕು ಎನ್ನುವ ಲೆಕ್ಕ ಈ ಅಳತೆಯಲ್ಲಿ ತಾನಾಗಿಯೇ ಕೂಡಿಬರುತ್ತದೆ. ಒಣಎಲೆ ಎಂದರೆ ತರಗೆಲೆ. ಪಾಲಿಕೆಯ ಗಾಡಿಗೆ ಕೊಡುವ ‘ಒಣ ಕಸ’ ಅಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ, ಪ್ಲಾಸ್ಟಿಕ್ ಒಳಗೆ ಹೋಗುವುದು ಈ ಗೊಂದಲದಿಂದಲೇ.

ಆದರೆ ಜುಲೈನಲ್ಲಿ ಬೆಂಗಳೂರಿನಲ್ಲಿ ಒಣಗಿದ ಎಲೆ ಎಲ್ಲಿ ಸಿಗುತ್ತದೆ? ಸಿಗುವುದಿಲ್ಲ. ಇಡೀ ವರ್ಷದ ಗೊಬ್ಬರದ ಕೆಲಸದಲ್ಲಿ ಅತಿ ಮುಖ್ಯವಾದದ್ದು ಮಾಘ, ಫಾಲ್ಗುಣದಲ್ಲಿ ಎಲೆ ಕೂಡಿಡುವುದು. ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ತನ್ನ ಎಲೆಯನ್ನೆಲ್ಲ ಬೀದಿಗೆ ಸುರಿಯುತ್ತದೆ. ಜನ ಅದನ್ನು ಗುಡಿಸಿ ಬೆಂಕಿ ಹಚ್ಚುತ್ತಾರೆ. ನಾಲ್ಕು ತಿಂಗಳ ನಂತರ ಅದೇ ಎಲೆಗಾಗಿ ಪರದಾಡಬೇಕಾಗುತ್ತದೆ ಎಂಬುದು ನೆನಪಿದ್ದರೆ ಯಾರೂ ಸುಡಲಾರರು. ಲೆಕ್ಕ ಹಾಕಿ: ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಸುಮಾರು 120 ದಿನ, ದಿನಕ್ಕೆ 350 ಗ್ರಾಂ, ಒಟ್ಟು 42 ಕೆಜಿ. ತುಳಿದು ಪುಡಿಮಾಡಿ ಒತ್ತಿ ತುಂಬಿದರೆ ದೊಡ್ಡ ಅಕ್ಕಿಚೀಲಗಳಲ್ಲಿ ಐದಾರು ಚೀಲ. ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಬಹುದಾದಷ್ಟೇ. ಹೊಂಗೆ, ಮಳೆಮರ, ನುಗ್ಗೆ ಬೇಗ ಕರಗುತ್ತವೆ. ಮಾವು, ಹಲಸಿನ ಎಲೆ ದಪ್ಪ, ತುಂಡು ಮಾಡಿದರೆ ಮಾತ್ರ ಆದೀತು. ನೀಲಗಿರಿ, ಅಕೇಶಿಯಾ, ಗಾಳಿಮರದ ಎಲೆ ಬೇಗ ಕೊಳೆಯುವುದಿಲ್ಲ, ಬೇರೆಯದರ ಜೊತೆ ಕಾಲುಭಾಗ ಮೀರದಂತೆ ಬೆರೆಸಿ. ಈ ವರ್ಷ ಎಲೆ ಕೂಡಿಟ್ಟಿಲ್ಲದಿದ್ದರೆ ತೆಂಗಿನ ನಾರಿನ ಪುಡಿಯನ್ನು ನೆನೆಸದೆ ಒಣದಾಗಿಯೇ ಬಳಸಿ. ಮರದ ಹೊಟ್ಟು ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಒಂದು ಹಿಡಿ ದಾಟಿದರೆ ಗೊಬ್ಬರ ಆರು ತಿಂಗಳಾದರೂ ಆಗುವುದಿಲ್ಲ.

ಹುಳುಗಳ ವಿಚಾರ. ಬೂದು ಅಥವಾ ಕಂದು ಬಣ್ಣ, ಚಪ್ಪಟೆ ಮೈ, ಉಂಗುರ ಉಂಗುರವಾದ ಗೆರೆ, ಬೆಳೆದಾಗ ಸುಮಾರು ಎರಡು ಸೆಂಟಿಮೀಟರ್ ಇದ್ದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ಇವುಗಳಿಂದ ನಿಮಗಾಗಲಿ ಗಿಡಕ್ಕಾಗಲಿ ಕೇಡಿಲ್ಲ. ದೊಡ್ಡ ನೊಣ ಆಹಾರ ಹುಡುಕಿಕೊಂಡು ಅಡುಗೆಮನೆಗೆ ಬರುವುದಿಲ್ಲ, ಮರಿಗಳು ಹಸಿ ಕಸವನ್ನು ಎರೆಹುಳುವಿಗಿಂತ ಬೇಗ ತಿಂದು ಮುಗಿಸುತ್ತವೆ. ಅವು ಬಂದಿವೆ ಎಂದರೆ ಒಳಗೆ ತೇವ ಹೆಚ್ಚಾಗಿದೆ ಎಂದು ತಿಳಿಯಿರಿ. ಎಲೆ ಸೇರಿಸಿ, ಪ್ರತಿದಿನ ಕಸದ ಮೇಲೆ ಎರಡು ಇಂಚು ಎಲೆಯ ಹೊದಿಕೆ ಕೊಟ್ಟರೆ ತಾವಾಗಿ ಕಡಿಮೆಯಾಗುತ್ತವೆ. ಬೆಳ್ಳಗೆ, ಒಂದು ತುದಿ ಚೂಪಾದ ಸಣ್ಣ ಹುಳುಗಳಾದರೆ ಮಾತ್ರ ಮನೆನೊಣದವು. ಹಾಲು, ಮೀನು, ಮಾಂಸದ ಅಂಶ ತೆರೆದು ಬಿದ್ದಿದೆ ಎಂದರ್ಥ, ಅದನ್ನು ಹಾಕುವುದು ನಿಲ್ಲಿಸಿ.

ಕಪ್ಪು ನೀರನ್ನು ನಾತ ಹೋಗುವವರೆಗೆ ಗಿಡಕ್ಕೆ ಹಾಕಬೇಡಿ. ಹೋದ ಮೇಲೂ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಹೂಗಿಡದ ಬುಡಕ್ಕೆ ಮಾತ್ರ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬೇಡವೇ ಬೇಡ.

ಪ್ರಶ್ನೆ: ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ಮುಟ್ಟುತ್ತದೆ. ಬಕೆಟ್ಟಿನಲ್ಲಿ ಹಾಕಿದ ಎಲೆ, ಸಿಪ್ಪೆ ಮೂರು ತಿಂಗಳಾದರೂ ಹಾಕಿದ ಹಾಗೇ ಇವೆ. ಇರುವೆ ಗೂಡು ಕಟ್ಟಿವೆ. ಬಿಟ್ಟಿದ್ದ ಎರೆಹುಳುಗಳೂ ಸತ್ತವು. ಹಿತ್ತಲಲ್ಲಿ ಜಾಗ ಇದೆ, ಎರೆಮಣ್ಣು. (ಕಲಬುರಗಿ)

ಉತ್ತರ: ಇರುವೆ ಗೂಡು ಕಟ್ಟಿದೆ ಎಂದರೆ ಒಳಗೆ ಹನಿ ತೇವವೂ ಇಲ್ಲ. ನಿಮ್ಮಲ್ಲಿ ಬಿಸಿಲು ಕಸವನ್ನು ಕೊಳೆಸುವುದಿಲ್ಲ, ಒಣಗಿಸಿ ಕಾಪಿಡುತ್ತದೆ. ಎರೆಹುಳುಗಳಿಗೆ 20ರಿಂದ 30 ಡಿಗ್ರಿ ಹಿತ, 35 ದಾಟಿದರೆ ಉಳಿಯುವುದು ಕಷ್ಟ. ಮಾರ್ಚಿನಿಂದ ಜೂನ್ ತನಕ ಅವುಗಳ ಆಸೆ ಬಿಟ್ಟು, ಮೊದಲ ಮಳೆ ಬಿದ್ದು ತಂಪಾದ ಮೇಲೆ ಮತ್ತೆ ತನ್ನಿ.

ನಿಮಗೆ ಹೇಳಿ ಮಾಡಿಸಿದಂಥ ಪದ್ಧತಿ ನಮ್ಮ ನಾಡಿನಲ್ಲೇ ಹುಟ್ಟಿದೆ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಗುಂಡಿ ತುಂಬಿ ಮಣ್ಣು ಮೆತ್ತಿ ಬಿಟ್ಟರೆ ಮುಗಿಯಿತು, ತಿರುವುವುದೂ ಇಲ್ಲ, ಮತ್ತೆ ಮತ್ತೆ ನೀರು ಹಾಕುವುದೂ ಇಲ್ಲ. ಇದಕ್ಕೂ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ ಕ್ರಮದಲ್ಲಿ ಮೂರು ತಿಂಗಳಿಗೇ ಗೊಬ್ಬರ ಸಿಗುತ್ತದೆ, ಆದರೆ ಪ್ರತಿ ಸಲ ತಿರುವಿದಾಗ ನೀರು ಕೊಡಬೇಕು. ನೀರಿಗೆ ತತ್ವಾರ ಇರುವ ಕಡೆ, ಅವಸರ ಇಲ್ಲದವರಿಗೆ, ಬೆಂಗಳೂರು ವಿಧಾನವೇ ಮೇಲು.

ಮೂರು ಅಡಿ ಅಗಲ, ಎರಡೂವರೆಯಿಂದ ಮೂರು ಅಡಿ ಆಳ, ಉದ್ದ ನಿಮ್ಮ ಕಸಕ್ಕೆ ತಕ್ಕಷ್ಟು ಇರಲಿ. ಬೇವಿನ ನೆರಳು ಒಳ್ಳೆಯದು, ಆದರೆ ಬುಡದಿಂದ ಎಂಟು ಹತ್ತು ಅಡಿ ದೂರ ಇರಬೇಕು. ಹತ್ತಿರ ತೋಡಿದರೆ ತೇವ ಹುಡುಕಿಕೊಂಡು ಬೇರುಗಳು ಗುಂಡಿಯೊಳಗೆ ನುಗ್ಗಿ, ಗೊಬ್ಬರ ತೆಗೆಯುವಾಗ ಹೆಣೆದ ಚಾಪೆಯಂತೆ ಸಿಗುತ್ತದೆ. ಒಣಎಲೆ, ಹೊಟ್ಟು, ಕಳೆಯನ್ನು ಹಿಂದಿನ ರಾತ್ರಿಯೇ ನೆನೆಸಿಡಿ. ಹತ್ತು ಕೆಜಿ ಒಣ ಕಸ ಹತ್ತು ಲೀಟರ್ ನೀರು ಹೀರಿಕೊಂಡಾಗ ಮಾತ್ರ ಹದಕ್ಕೆ ಬರುತ್ತದೆ. ಮೇಲೆ ಮೇಲೆ ನೀರು ಚೆಲ್ಲಿದರೆ ಎಲೆಯ ಮೇಲಿಂದ ಜಾರಿ ತಳ ಸೇರುತ್ತದೆ, ಮಧ್ಯೆ ಒಣಗೇ ಇರುತ್ತದೆ. ಬೇಸಿಗೆ ಗುಂಡಿಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಅಕ್ಕಿ, ತರಕಾರಿ ತೊಳೆದ ನೀರು ಆಗಬಹುದು. ಸೋಪಿನ ನೀರು, ಉಪ್ಪಿನ ಅಂಶ ಹೆಚ್ಚಿರುವ ಶುದ್ಧೀಕರಣ ಯಂತ್ರದ ಬಿಡುನೀರು ಬೇಡ.

ಆರು ಇಂಚು ನೆನೆಸಿದ ಒಣ ಕಸ, ಅದರ ಮೇಲೆ ಎರಡು ಇಂಚು ಹಸಿ ಕಸ, ಮೇಲೆ ಸಗಣಿ ಬಗ್ಗಡ. ಹೀಗೆ ಪದರ ಏರಿಸುತ್ತ ನೆಲಮಟ್ಟದಿಂದ ಒಂದೂವರೆ ಅಡಿ ಮೇಲಕ್ಕೆ ಗೋಪುರದ ಹಾಗೆ ಕಟ್ಟಿ. ಹದಿನೈದು ದಿನ ಗೋಣಿ ಹೊದಿಸಿ ಬಿಡಿ, ಒಳಗೆ ಬಿಸಿ ಏರಿ ಇಳಿಯುತ್ತದೆ. ಆಮೇಲೆ ಮಣ್ಣು ಮೆತ್ತಿ. ಬರೀ ಎರೆಮಣ್ಣು ಮೆತ್ತಿದರೆ ನಾಲ್ಕು ದಿನಕ್ಕೆ ಬಿರುಕು ಬಿಟ್ಟು ತೇವವೆಲ್ಲ ಹೊರಗೆ ಹೋಗುತ್ತದೆ. ಮಣ್ಣಿಗೆ ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಎರಡು ಇಂಚು ದಪ್ಪ ಮೆತ್ತಬೇಕು, ವಾರ ಬಿಟ್ಟು ನೋಡಿ ಬಿರುಕು ಮುಚ್ಚಬೇಕು. ಫೆಬ್ರವರಿ ಕೊನೆಗೆ ಮುಚ್ಚಿದ್ದು ಆಗಸ್ಟ್ ಹೊತ್ತಿಗೆ ಸಿದ್ಧ. ತೊಗರಿ ಕಟ್ಟಿಗೆ ಹಾಕಬೇಡಿ, ಅದು ಸೌದೆ, ಕೊಳೆಯಲು ವರ್ಷಗಳೇ ಬೇಕು.

ಎರೆಭೂಮಿಯಲ್ಲಿ ಮಳೆಗಾಲಕ್ಕೆ ಇದೇ ಗುಂಡಿ ಶತ್ರು. ನೀರು ಇಂಗದೆ ಬಾವಿಯಂತೆ ನಿಲ್ಲುತ್ತದೆ. ಜೋರು ಮಳೆಗೆ ಮುಂಚೆ ಸುತ್ತ ಅರ್ಧ ಅಡಿ ಒಡ್ಡು ಹಾಕಿ, ಜೂನ್ ನಂತರದ ಹೊಸ ಕಸವನ್ನು ಗುಂಡಿಯಲ್ಲಿ ಅಲ್ಲ, ನೆಲದ ಮೇಲೆ ರಾಶಿ ಹಾಕಿ.

ಪ್ರಶ್ನೆ: ಗೊಬ್ಬರದ ರಾಶಿ ಕೆದಕಿದಾಗ ಬೆರಳಿನಷ್ಟು ದಪ್ಪದ, ಸುರುಟಿಕೊಂಡ ಬಿಳಿ ಹುಳುಗಳು ಸಿಕ್ಕವು. ಹಿತ್ತಲಿನ ತೆಂಗಿನ ಗರಿಗಳು ಕತ್ತರಿಯಿಂದ ಕತ್ತರಿಸಿದ ಹಾಗಿವೆ. ಎರಡಕ್ಕೂ ಸಂಬಂಧ ಇದೆಯೇ? (ಪುತ್ತೂರು)

ಉತ್ತರ: ಇರುವ ಸಾಧ್ಯತೆ ಹೆಚ್ಚು. ಕುರುವಾಯಿ ದುಂಬಿ ಮೊಟ್ಟೆ ಇಡುವುದು ಗೊಬ್ಬರದಲ್ಲಿ, ಕೊಳೆತ ತೆಂಗಿನ ದಿಮ್ಮಿಯಲ್ಲಿ. ಬೆಳೆದು ರೆಕ್ಕೆ ಬಂದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ಮಡಚಿದ್ದ ಗರಿ ಬಿಡಿಸಿಕೊಂಡಾಗ ಆ ಕೊರೆತವೇ ಕತ್ತರಿ ಹಾಕಿದ ಬೀಸಣಿಗೆಯ ಹಾಗೆ ಕಾಣುತ್ತದೆ.

ಹಾಗೆಂದು ಕಂಡ ಬಿಳಿ ಹುಳುವನ್ನೆಲ್ಲ ಕೊಲ್ಲಬೇಡಿ. ಒಂದು ಹುಳುವನ್ನು ಸಮತಟ್ಟಾದ ಹಲಗೆಯ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ, ಕಾಲು ಆಕಾಶಕ್ಕೆ ಮಾಡಿಕೊಂಡು ಹರಿದರೆ ಅದು ಹೂದುಂಬಿಯ ಜಾತಿಯ ಮರಿ. ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತದೆ, ಇರಲಿ. ಬೆನ್ನ ಮೇಲೆ ಹರಿಯದೆ, ಕಂದು ತಲೆಯನ್ನು ಹೊಟ್ಟೆಯ ಕಡೆ ಬಾಗಿಸಿ ಸುರುಟಿ ಮಲಗಿದರೆ ಕುರುವಾಯಿ ಎಂದೇ ಅನುಮಾನಿಸಿ.

ಅದು ಮೊಟ್ಟೆಯಿಂದ ದುಂಬಿಯಾಗಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಎರಡು ತಿಂಗಳಿಗೊಮ್ಮೆ ರಾಶಿಯನ್ನು ಬುಡಮೇಲು ಮಾಡಿ ಹುಳು ಆರಿಸಿದರೆ ಒಂದೂ ಹಾರುವ ಹಂತ ಮುಟ್ಟುವುದಿಲ್ಲ. ಕೆದಕುವಾಗ ಕೋಳಿಗಳನ್ನು ಬಿಟ್ಟರೆ ಆರಿಸುವ ಕೆಲಸವೂ ಇಲ್ಲ. ಸಿದ್ಧವಾದ ಗೊಬ್ಬರವನ್ನು ವರ್ಷಗಟ್ಟಲೆ ರಾಶಿ ಬಿಡಬೇಡಿ. ಮಳೆಗಾಲದಲ್ಲಿ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ರಾಶಿಗೆ ಬೆರೆಸಬಹುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇದನ್ನು ಶಿಫಾರಸು ಮಾಡುತ್ತದೆ. ಬೇಸಿಗೆಯಲ್ಲಿ ಹಾಕಿ ಫಲವಿಲ್ಲ, ಶಿಲೀಂಧ್ರ ಬೆಳೆಯಲು ತೇವ ಬೇಕು.

ನಿಮ್ಮ ಕಡೆಯ ಮಳೆಗೆ ಟಾರ್ಪಾಲನ್ನು ರಾಶಿಗೆ ಅಂಟಿಸಿ ಹೊದಿಸುವುದು ತಪ್ಪು, ಒಳಗೆ ಬೆವತು ಕೊಳೆಯುತ್ತದೆ. ಒಂದು ಅಡಿ ಎತ್ತರದ ಕಟ್ಟೆ, ಸುತ್ತ ಚರಂಡಿ, ರಾಶಿಗೂ ಮೇಲಿನ ಮಾಡಿಗೂ (ಚಾವಣಿಗೂ) ಮಧ್ಯೆ ಕನಿಷ್ಠ ಒಂದೂವರೆ ಅಡಿ ಗಾಳಿ, ಪಡುವಣ ದಿಕ್ಕಿಗೆ ಮಾತ್ರ ಹೆಣೆದ ಮಡಲಿನ ತಡಿಕೆ. ಹಲಸಿನ ಸಿಪ್ಪೆಯನ್ನು ಇಡಿಯಾಗಿ ಎಸೆಯದೆ ಅಂಗೈಯಗಲ ಕೊಚ್ಚಿ ರಾಶಿಯ ನಡುವೆ ಹೂಳಿ. ಮೇಲೆ ಬಿದ್ದರೆ ಹಣ್ಣಿನ ನೊಣದ ಹಿಂಡು ಖಚಿತ.

ಪ್ರಶ್ನೆ: ಆಯುಧಪೂಜೆ ಮುಗಿದ ಮೇಲೆ ಬಾಳೆಕಂದು, ಬೂದುಗುಂಬಳ, ಸೇವಂತಿಗೆ ಹೂ ರಾಶಿ ರಾಶಿ ಉಳಿಯುತ್ತದೆ. ಗೊಬ್ಬರಕ್ಕೆ ಆಗುತ್ತದೆಯೇ? (ಮೈಸೂರು)

ಉತ್ತರ: ಆಗುತ್ತದೆ, ಒಟ್ಟಿಗೆ ತುಂಬಬಾರದು ಅಷ್ಟೇ. ಬಾಳೆಕಂದು, ಬೂದುಗುಂಬಳ ಎರಡೂ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ನೀರು. ಅದೂ ಹಿಂಗಾರು ಸುರಿಯುವ ಹೊತ್ತು. ಕಂದನ್ನು ಒಂದು ಇಂಚಿನ ಬಿಲ್ಲೆ ಮಾಡಿ ಎರಡು ಮೂರು ದಿನ ಬಿಸಿಲಿಗೆ ಹರಡಿ, ಬಾಡಿದ ಮೇಲೆ ಹಾಕಿ. ಪೊಟ್ಯಾಷಿಯಂ ತುಂಬಿದ ಇದರ ಗೊಬ್ಬರ ಟೊಮೆಟೊ, ಬದನೆಗೆ ಬಹಳ ಒಳ್ಳೆಯದು. ಗುಂಬಳದ ಮೇಲಿನ ಕುಂಕುಮ, ಸುಣ್ಣ ತೊಳೆದು, ಒಳಗಿಟ್ಟ ಚಿಲ್ಲರೆ ಕಾಸು ತೆಗೆದು, ಬೀಜ ಬೇರೆ ಮಾಡಿ. ಬಿಟ್ಟರೆ ಮುಂದೆ ಕುಂಡ ಕುಂಡದಲ್ಲೂ ಗುಂಬಳದ ಸಸಿ ಏಳುತ್ತದೆ. ಹೂವಿನ ದಾರ, ಜರಿ, ಪ್ಲಾಸ್ಟಿಕ್ ಎಳೆ ಬಿಡಿಸಿ, ಸೇವಂತಿಗೆಯನ್ನು ಎಸಳು ಉದುರಿಸಿಯೇ ಹಾಕಿ. ಇಡೀ ಹೂ ಒದ್ದೆಯಾದರೆ ಒತ್ತಿಕೊಂಡು ಗಾಳಿ ಕಟ್ಟುತ್ತದೆ.

ಪ್ರಶ್ನೆ: ನಿಂಬೆ ಸಿಪ್ಪೆ, ಒಲೆ ಬೂದಿ, ಮೊಟ್ಟೆ ಚಿಪ್ಪು, ಹಳೇ ಪೇಪರು, ಹುಳಿ ಮಜ್ಜಿಗೆ ಯಾವುದು ಹಾಕಬಹುದು? (ಹಾಸನ)

ಉತ್ತರ: ವಾರಕ್ಕೆ ಹತ್ತು ಹನ್ನೆರಡು ನಿಂಬೆಯ ಸಿಪ್ಪೆ ಕತ್ತರಿಸಿ ಹಾಕಬಹುದು, ಎರೆಹುಳು ತೊಟ್ಟಿಗೆ ಬೇಡ. ಬೂದಿ ವಾರಕ್ಕೆ ಒಂದು ಹಿಡಿ ಮಾತ್ರ, ಹೆಚ್ಚಾದರೆ ಕ್ಷಾರವಾಗಿ ಸಾರಜನಕ ಹಾರಿಹೋಗುತ್ತದೆ. ಚಿಪ್ಪನ್ನು ಪುಡಿಮಾಡಿ. ದಿನಪತ್ರಿಕೆ ಹರಿದು ಹಾಕಿ, ಮಿರುಗುವ ಕಾಗದ ಬೇಡ. ಒಂದು ಲೋಟ ಹುಳಿ ಮಜ್ಜಿಗೆಯನ್ನು ಐದು ಲೀಟರ್ ನೀರಿಗೆ ಬೆರೆಸಿ ಚಿಮುಕಿಸಿದರೆ ತೊಂದರೆಯಿಲ್ಲ, ಆದರೆ ಒಂದು ಹಿಡಿ ಹಳೆಯ ಗೊಬ್ಬರವೇ ಎಲ್ಲಕ್ಕಿಂತ ಒಳ್ಳೆಯ ಹೆಪ್ಪು.

ಪ್ರಶ್ನೆ: ಡಿಸೆಂಬರ್ ಬಂದರೆ ರಾಶಿ ತಣ್ಣಗಾಗಿ ಕೆಲಸವೇ ನಿಂತಂತೆ ಕಾಣುತ್ತದೆ. (ಚಿಕ್ಕಮಗಳೂರು)

ಉತ್ತರ: ನಿಮ್ಮ ರಾಶಿ ತೀರಾ ಚಿಕ್ಕದಾಗಿರುವುದೇ ಇದಕ್ಕೆ ಕಾರಣ ಇರಬಹುದು. ಉದ್ದ, ಅಗಲ, ಎತ್ತರ ಮೂರೂ ಮೂರು ಅಡಿ ಇದ್ದರೆ ಮಾತ್ರ ಹುಟ್ಟಿದ ಬಿಸಿ ಒಳಗೆ ಉಳಿಯುತ್ತದೆ. ಕಸವನ್ನು ಸಣ್ಣಗೆ ಕೊಚ್ಚಿ, ಹಸಿ ಸಗಣಿ ಬೆರೆಸಿ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಹಾಕಿ, ಗೋಣಿ ಹೊದಿಸಿ. ಕಬ್ಬಿಣದ ಸರಳೊಂದನ್ನು ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದಾಗ ಹಿಡಿಯಲಾಗದಷ್ಟು ಸುಟ್ಟರೆ ಒಳಗೆ 55 ಡಿಗ್ರಿ ಆಸುಪಾಸು ಇದೆ, ಕಳೆಬೀಜ ಸಾಯುವ ಶಾಖ ಅದು. ಅಷ್ಟು ದೊಡ್ಡ ರಾಶಿಗೆ ಕಸ ಇಲ್ಲದವರು ಚಳಿಗಾಲದಲ್ಲಿ 45 ದಿನದ ಬದಲು 60, 70 ದಿನ ಕಾಯಬೇಕು. ಪದೇ ಪದೇ ತಿರುವಿದರೆ ಇದ್ದ ಬಿಸಿಯೂ ಹೋಗುತ್ತದೆ.

ಪ್ರಶ್ನೆ: ಮನೆಗೊಬ್ಬರ ಹಾಕಿದ ಮೇಲೆಯೇ ಬದನೆ, ಮೆಣಸಿನ ಗಿಡಗಳ ಕೆಳಗಿನ ಎಲೆ ಹಳದಿಯಾದವು. ಗೊಬ್ಬರ ಕಪ್ಪಗೆ ಚೆನ್ನಾಗಿಯೇ ಇತ್ತು. (ಧಾರವಾಡ)

ಉತ್ತರ: ಬಣ್ಣ ಕಪ್ಪಾದ ಮಾತ್ರಕ್ಕೆ ಮಾಗಿತು ಎನ್ನಲಾಗದು. ಒಳಗೆ ಎಲೆ, ನಾರು ಇನ್ನೂ ಕೊಳೆಯುತ್ತಿದ್ದರೆ ಆ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡ ಹಳೆಯ ಎಲೆಗಳಿಂದ ಸಾರಜನಕ ತೆಗೆದು ಚಿಗುರಿಗೆ ಕಳಿಸುತ್ತದೆ, ಅದಕ್ಕೇ ಕೆಳಗಿನವು ಮೊದಲು ಹಳದಿ. ಈಗ 100 ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ಹತ್ತು ಲೀಟರಿಗೆ ಹೆಚ್ಚಿಸಿ, ಗಿಡಕ್ಕೆ ಅರ್ಧ ಲೀಟರಿನಂತೆ ವಾರಕ್ಕೊಮ್ಮೆ ಮೂರು ವಾರ ಕೊಡಿ. ಹಳದಿಯಾದ ಎಲೆ ಮತ್ತೆ ಹಸಿರಾಗದು, ಹೊಸ ಎಲೆ ನೋಡಿ ಗುಣ ತಿಳಿಯಿರಿ.

ಮುಂದಿನ ಸಲ ಕೊಳೆತು ಮುಗಿದ ಗೊಬ್ಬರವನ್ನು ಚೀಲದಲ್ಲಿ ಬಾಯಿ ತೆರೆದು ಮೂರ್ನಾಲ್ಕು ವಾರ ನೆರಳಲ್ಲಿ ಇಡಿ. ಆಮೇಲೆ ಒಂದು ಬೊಗಸೆ ತೆಗೆದು ತುಸು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಬಿಡಿ. ಬಿಚ್ಚಿದಾಗ ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಬಂದರೆ ಮಾಗಿದೆ, ಹುಳಿ ಅಥವಾ ಅಮೋನಿಯಾ ಬಂದರೆ ಇನ್ನೂ ಇಲ್ಲ. ಅನುಮಾನ ಉಳಿದರೆ ಒಂದು ಬಟ್ಟಲಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣು, ಗೊಬ್ಬರ ಸಮಸಮ ತುಂಬಿ ಹತ್ತು ಹತ್ತು ಮೆಂತ್ಯ ಬಿತ್ತಿ. ಎರಡರಲ್ಲೂ ಮೊಳಕೆ ಸಮನಾಗಿ ಬಂದರೆ ಧೈರ್ಯವಾಗಿ ಬಳಸಿ. ಜರಡಿಯಲ್ಲಿ ಉಳಿದ ಕಡ್ಡಿ, ನಾರನ್ನು ಎಸೆಯದೆ ಹೊಸ ಡ್ರಮ್ಮಿನ ತಳಕ್ಕೆ ಹಾಕಿ.

12 ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ ಸಾಕು. ನೆಲದ ಮಡಿಗಳಿಗೆ ಮೇ ಕೊನೆಯಲ್ಲಿ, ಮಳೆಗೆ ಮುಂಚೆ, ಒಂದು ಇಂಚು ಹರಡಿ ಮಣ್ಣಿಗೆ ಕಲಸಿಬಿಡಿ. ಜುಲೈನಲ್ಲಿ ಮೇಲೆ ಉದುರಿಸಿದರೆ ಅದರ ಸಾರವೆಲ್ಲ ಚರಂಡಿ ಸೇರುತ್ತದೆ.